ವಿಲಾಯತಿ ಮನೆಯ ಜಗಲಿ

ಮೆಣಸಿನಕಾಯಿ ಒಣಹಾಕಲು ಮಾಳಿಗೆಯೇ ಇಲ್ಲದ ಮನೆಯನ್ನು ನಮ್ಮಣ್ಣ ಜತ್ತದ ಹೊರಗೆ, ಸನಮಡಿ ದಾರಿಯ ಕಲ್ಲು ದಿನ್ನೆಯ ಮೇಲೆ ಕಟ್ಟಿಸಿದ. ನಮ್ಮ ಸೀಮೆಯಲ್ಲಿ ಎಲ್ಲರ ಮನೆಗೂ ಮಣ್ಣಿನ ಸಪಾಟು ಮಾಳಿಗೆ. ಅದರ ಮೇಲೆ ಹಪ್ಪಳ, ಶಾವಿಗೆ, ತೊಗರಿ ಒಣಗುತ್ತವೆ, ಬೇಸಿಗೆಯಲ್ಲಿ ಮನುಷ್ಯರೂ ಅಲ್ಲೇ ಮಲಗುತ್ತಾರೆ. ಅಣ್ಣನ ಮನೆಗೆ ಮಾತ್ರ ಹಂಚು ಹೊದಿಸಿದ ಕಡಿದಾದ ಇಳಿಜಾರು ಮಾಡು. ಯಾಕೆ ಎಂದು ಕೇಳಿದರೆ, ಬಿದ್ದ ಹಿಮ ಜಾರಿ ಕೆಳಗೆ ಹೋಗಬೇಕಂತೆ. ಜತ್ತದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಜನ ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತಾರೆ. ಹಿಮವನ್ನು ನಮ್ಮಪ್ಪನೂ ಕಂಡಿರಲಿಲ್ಲ, ಅವನಪ್ಪನೂ ಕಂಡಿರಲಿಲ್ಲ.

ಅಣ್ಣನ ಹೆಸರು ಮುರಗೆಪ್ಪ. ನಮ್ಮಪ್ಪ ಜತ್ತದ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರದಿಂದ ಚೆನ್ನಾಗಿ ಗಳಿಸಿದ್ದ. ಒಬ್ಬನೇ ಮಗ ಬ್ಯಾರಿಸ್ಟರ್ ಆಗಲಿ ಎಂದು ದೊಡ್ಡ ಯುದ್ಧಕ್ಕೆ ಮುಂಚೆ ಅವನನ್ನು ವಿಲಾಯತಿಗೆ ಕಳಿಸಿದ. ಅಣ್ಣ ಬ್ಯಾರಿಸ್ಟರ್ ಆಗಲಿಲ್ಲ. ಅಲ್ಲಿ ಯಾರೋ ಸಾಹೇಬನ ಗೆಳೆತನವಾಗಿ, ರಜೆ ಬಂದಾಗಲೆಲ್ಲ ಅವನ ಹಳ್ಳಿಯ ಬಂಗಲೆಗೆ ಹೋಗಿ ಇದ್ದು ಬಂದ. ಊರಿಗೆ ಮರಳಿದವನ ಬಾಯಲ್ಲಿ ಕೋರ್ಟಿನ ಮಾತೇ ಇಲ್ಲ, ಬರೀ ಆ ಬಂಗಲೆಯ ಮಾತು.

ಅದನ್ನು ಮುನ್ನೂರು ವರ್ಷಗಳ ಹಿಂದೆ ಕಟ್ಟಿದ್ದಂತೆ. ಎರಡು ತುದಿಗೆ ಮುಂದಕ್ಕೆ ಚಾಚಿದ ಎರಡು ರೆಕ್ಕೆ, ನಡುವೆ ಬಾಗಿಲ ಮಂಟಪ. ಮೇಲಿನಿಂದ ನೋಡಿದರೆ ಇಂಗ್ಲಿಷಿನ 'ಇ' ಅಕ್ಷರದ ಹಾಗೆ ಕಾಣುತ್ತದಂತೆ. ಕಿಟಕಿಗಳಿಗೆ ಕಬ್ಬಿಣದ ಸರಳಲ್ಲ, ಕಲ್ಲಿನ ಸರಳು. ಒಳಗೆ ಎರಡಂತಸ್ತಿನ ಎತ್ತರದ ಹಾಲ್, ಅದರ ಮಗ್ಗುಲಿಗೆ ಅಗಲವಾದ ಕಟ್ಟಿಗೆಯ ಮೆಟ್ಟಿಲು. ಮೇಲೆ ಮನೆಯ ಈ ತುದಿಯಿಂದ ಆ ತುದಿಗೆ ಒಂದೇ ಉದ್ದನೆಯ ಪಡಸಾಲೆ. ಮಳೆ ಹಿಡಿದ ದಿನ ಮನೆಯ ಹೆಂಗಸರು ಅಲ್ಲೇ ಅಡ್ಡಾಡುತ್ತಾರಂತೆ. ಆಳುಗಳು ಯಜಮಾನರ ಕಣ್ಣಿಗೆ ಬೀಳಬಾರದೆಂದು ಅವರಿಗೆ ಗೋಡೆಯ ಹಿಂದೆ ಬೇರೆ ಮೆಟ್ಟಿಲಂತೆ.

"ಆಳು ಕಣ್ಣಿಗೆ ಬೀಳದಿದ್ರ ಕೆಲಸ ಹೆಂಗ ಹೇಳತಾರೋ ಮತ್ತ?" ಎಂದು ಅವ್ವ ಕೇಳಿದಳು.

"ಗಂಟಿ ಬಾರಸ್ತಾರವ್ವಾ."

ದೇವರಿಗೆ ಬಾರಿಸುವ ಗಂಟೆಯನ್ನು ಆಳಿಗೆ ಬಾರಿಸುತ್ತಾರಲ್ಲ ಎಂದು ಅವ್ವನಿಗೆ ನಗು ತಡೆಯಲಿಲ್ಲ. ಅವ್ವ ಮಲಕವ್ವ ಬೇಗ ನಗುವವಳು, ಅಷ್ಟೇ ಬೇಗ ನಂಬುವವಳು. ನಂಬುವ ಗುಣ ಅವಳಿಂದ ನನಗೆ ಬಂತು. ಅಣ್ಣನಿಗೆ ಯಾರಿಂದ ಏನು ಬಂತೋ ಗೊತ್ತಿಲ್ಲ.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ ಅಣ್ಣ ಬುನಾದಿ ತೋಡಿಸಿದ. ಗೌಂಡಿ ದುಂಡಪ್ಪನಿಗೆ ಕಟ್ಟಿಗೆಯಿಂದ ನೆಲದ ಮೇಲೆ ಗೀರಿ ಗೀರಿ ತೋರಿಸಿ, ಕರಿಗಲ್ಲಿನಲ್ಲಿ ಆ ಬಂಗಲೆಯನ್ನು ಏಳಿಸತೊಡಗಿದ. ರೆಕ್ಕೆ ಎದ್ದವು, ಮಂಟಪ ಎದ್ದಿತು, ಹಾಲ್ ಎದ್ದಿತು. ಮಾಡಿನ ಮೇಲೆ ಐದು ನೀಳ ಗೋಪುರಗಳು ಎದ್ದವು. ಅವು ಏನು ಎಂದು ಕೇಳಿದವರಿಗೆಲ್ಲ ಅಣ್ಣ "ಅಂದಕ್ಕ" ಎಂದಷ್ಟೇ ಹೇಳುತ್ತಿದ್ದ.

ಮನೆ ಅರ್ಧ ಆಗಿರುವಾಗಲೇ ಅವ್ವ ಒಳ್ಳೆಯ ದಿನ ನೋಡಿ, ಹಳೆ ಮನೆಯ ದೇವರುಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಸ ಮನೆಗೆ ಹೊರಟೇಬಿಟ್ಟಳು. ಆ ದಿನ ನಾನೂ ಗಂಡನ ಊರು ಉಟಗಿಯಿಂದ ಬಂದಿದ್ದೆ. ವೀರಭದ್ರನ ಬೆಳ್ಳಿ ಮುಖ, ಹಿತ್ತಾಳೆಯ ಬಸವಣ್ಣ, ಹಿರಿಯರ ಹೆಸರಿನ ಪಾದ, ಎಲ್ಲವನ್ನೂ ಹೊತ್ತುಕೊಂಡು ಅವಳು ಕೋಣೆಯಿಂದ ಕೋಣೆಗೆ ತಿರುಗಿದಳು. ಓದುವ ಕೋಣೆ ಇತ್ತು, ಬಟ್ಟೆ ಬದಲಿಸುವ ಕೋಣೆ ಇತ್ತು, ಬಂದವರು ಕೋಲು ಟೋಪಿ ಇಡುವ ಕೋಣೆಯೂ ಇತ್ತು. ದೇವರನ್ನು ಇಡಲು ಜಗಲಿ ಮಾತ್ರ ಎಲ್ಲಿಯೂ ಇರಲಿಲ್ಲ. ಜಗಲಿ ಇಲ್ಲದ ಮನೆಯನ್ನು ನಮ್ಮಲ್ಲಿ ಯಾರೂ ಮನೆ ಅನ್ನುವುದಿಲ್ಲ.

ಕೊನೆಗೆ ಹಾಲ್‌ಗೆ ಬಂದವಳು ಪಡುಗೋಡೆಯ ಮುಂದೆ ನಿಂತುಬಿಟ್ಟಳು. ಅಲ್ಲಿ ನೆಲದಿಂದ ಎದೆಯೆತ್ತರಕ್ಕೆ ಎದ್ದ ಕಮಾನಿನ ಗೂಡು ಇತ್ತು. ಎರಡೂ ಕಡೆ ಕಲ್ಲಿನ ಕಂಬ, ಮೇಲೆ ಚಪ್ಪಡಿ, ಚಪ್ಪಡಿಯ ಅಂಚಿಗೆ ದುಂಡಪ್ಪ ತನ್ನ ಮನಸ್ಸಿನಂತೆ ಕೆತ್ತಿದ ಕಮಲಗಳು. ಗೂಡು ಪೂರ್ವಕ್ಕೆ ಮುಖ ಮಾಡಿತ್ತು. ಅದರ ನೇರಕ್ಕೆ, ಮಾಡಿನ ಮೇಲೆ, ಐದರಲ್ಲಿ ಒಂದು ಗೋಪುರ. ದೇವರ ನೆತ್ತಿಯ ಮೇಲೆ ಶಿಖರ ಇದ್ದ ಹಾಗೆ.

"ಯಪ್ಪಾ ಮುರಗೆಪ್ಪಾ, ಇದು ದೇವರ ಗೂಡಲ್ಲೇನೋ?"

ಅಣ್ಣ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನಕ್ಕು, "ನೀ ಹೆಂಗ ಅಂತಿ ಹಂಗ, ಅವ್ವಾ" ಎಂದ.

ಅವ್ವನ ಕಣ್ಣು ತುಂಬಿ ಬಂದವು. ಬಾಯಿ ಬಿಟ್ಟು ಹೇಳದೆ ಮಗ ಇಷ್ಟು ದೊಡ್ಡ ಜಗಲಿ ಮಾಡಿಸಿದ್ದಾನೆ ಎಂದುಕೊಂಡಳು. ನಾನೂ ಹಾಗೆಯೇ ಎಂದುಕೊಂಡೆ. ಇಬ್ಬರೂ ಕೂಡಿ ಗೂಡನ್ನು ತೊಳೆದು, ವಿಭೂತಿ ಬಳಿದು, ದೇವರುಗಳನ್ನು ಇಟ್ಟೆವು. ಧೂಪ ಹಾಕಿದರೆ ಹೊಗೆ ಗೂಡಿನೊಳಗೇ ಸುತ್ತಿ ಹೊರಬಂದು ಹಾಲ್ ತುಂಬ ಹರಡಿತು. ಮನೆಯೆಲ್ಲ ಘಮಘಮ ಎಂದಿತು.

ಹಾಲ್ ಆಯಿತು, ಕಲ್ಲು ಮುಗಿಯಿತು. ಸಾಗವಾನಿ ಕಟ್ಟಿಗೆಯಂತೂ ಯುದ್ಧದ ನಂತರ ಕಣ್ಣಿಗೇ ಬೀಳದಂತಾಗಿತ್ತು. ಮೆಟ್ಟಿಲಿಲ್ಲ, ಮೇಲಿನ ಪಡಸಾಲೆಯಿಲ್ಲ, ಮಂಟಪಕ್ಕೆ ಬಾಗಿಲಿಲ್ಲ. ಅಣ್ಣ ಎತ್ತಿನ ಗಾಡಿ ಕಟ್ಟಿಸಿಕೊಂಡು ಉಟಗಿಗೆ, ನನ್ನ ಮನೆಗೆ ಬಂದ.

ನನ್ನ ಗಂಡ ಗೊಲ್ಲಾಳಪ್ಪ ಜ್ವರ ಬಂದು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಭಾಗವ್ವ ಇನ್ನೂ ಸಣ್ಣವಳು. ನಮಗೆ ಇದ್ದದ್ದು ಒಂದಿಷ್ಟು ಹೊಲ ಮತ್ತು ಆ ವಾಡೆ. ವಾಡೆ ಅಂದರೆ ವಾಡೆಯೇ. ಗಂಡನ ಅಜ್ಜ ಖಾನಾಪುರದ ಕಾಡಿನಿಂದ ಗಾಡಿ ಮೇಲೆ ಗಾಡಿ ಹೊಡೆಸಿ ತಂದ ಸಾಗವಾನಿ ಕಂಬಗಳು, ಎರಡು ಕೈ ಚಾಚಿದರೂ ತಬ್ಬಲಾಗದಂಥವು. ಮುಂಬಾಗಿಲಿನ ಚೌಕಟ್ಟಿನಲ್ಲಿ ಗಿಳಿಗಳ ಸಾಲು. ಅದರ ಹೊಸ್ತಿಲ ಮೇಲೆ ಇಟ್ಟಿದ್ದ ಜೋಳದ ಸೇರನ್ನು ಬಲಗಾಲಿನಿಂದ ಒದ್ದು ನಾನು ಆ ಮನೆಗೆ ಸೊಸೆಯಾಗಿ ಒಳಗೆ ಬಂದಿದ್ದೆ.

ಅಣ್ಣ ಪಡಸಾಲೆಯಲ್ಲಿ ಕುಳಿತು ಕಂಬಗಳನ್ನು ನೋಡುತ್ತ ಹೇಳಿದ: "ಶಿವಲಿಂಗಾ, ಇಷ್ಟ ದೊಡ್ಡ ಮನ್ಯಾಗ ನೀ ಕೂಸ ಕಟಗೊಂಡು ಒಬ್ಬಾಕಿ ಯಾಕ ಇರತಿ? ಇದನ್ನ ಬಿಚ್ಚಿ ಅಲ್ಲಿಗೆ ಒಯ್ಯೂಣು. ನೀನೂ ಬಾ. ಬಸಗೊಂಡಗ ಭಾಗವ್ವನ ತರತೀನಿ. ನಿನ್ನ ಮನಿ ಕಲ್ಲ-ಕಟಗಿ ನಿನ್ನ ಮಗಳ ಮನೀಗೇ ಹೋದಂಗಾತು."

ಬಸಗೊಂಡ ಅಣ್ಣನ ಒಬ್ಬನೇ ಮಗ, ತಾಯಿಯಿಲ್ಲದ ಹುಡುಗ. ಅಣ್ಣನ ಮಗನಿಗೆ ತಂಗಿಯ ಮಗಳನ್ನು ತರುವುದು ನಮ್ಮಲ್ಲಿ ಹೊಸದಲ್ಲ. ಆದರೂ ನನ್ನ ಬಾಯಿಂದ ಹೂಂ ಬರಲಿಲ್ಲ. ಮನೆ ಬಿಚ್ಚುವುದು ಅಂದರೆ ಹುಡುಗಾಟವೇ? ಬಿಚ್ಚಿದ ಮೇಲೆ ಮತ್ತೆ ಕಟ್ಟುವವರು ಯಾರು?

"ಪತ್ರಿ-ಭಂಡಾರ ಎತ್ತತೀನಿ" ಎಂದ ಅಣ್ಣ. ನಾನು ಕೇಳಿದ್ದಲ್ಲ, ಅವನೇ ಹೇಳಿದ್ದು. ಇದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನಮ್ಮ ಮನೆತನಗಳಲ್ಲಿ ಹೆಣ್ಣು ಕೊಡುವ ತರುವ ಮಾತಿಗೆ ಕಾಗದ ಬೇಕಿಲ್ಲ. ಮನೆಯ ಜಗಲಿಯ ಮುಂದೆ ನಿಂತು, ಅಂಗೈಯಲ್ಲಿ ಬಿಲ್ವಪತ್ರಿಯನ್ನೂ ಭಂಡಾರದ ಅರಿಷಿಣವನ್ನೂ ಹಿಡಿದು ನುಡಿದರೆ ಅದೇ ಕೊನೆಯ ಮಾತು. ಅದನ್ನು ಗುಡಿಯಲ್ಲಿ ಎತ್ತಿದರೆ ನಡೆಯದು. ಗುಡಿಯ ದೇವರು ಊರಿಗೆಲ್ಲ ಸೇರಿದವನು, ನಮ್ಮ ನಮ್ಮ ಮಾತಿಗೆ ನಮ್ಮ ನಮ್ಮ ಜಗಲಿಯೇ ಸಾಕ್ಷಿ. ಮರುವಾರ ಜತ್ತಕ್ಕೆ ಹೋದೆ. ನಮ್ಮಪ್ಪನ ಚಿಕ್ಕಪ್ಪನ ಮಗ ಸೋಮನಿಂಗಪ್ಪ ಕಾಕಾನನ್ನು ಹಿರಿಯನೆಂದು ಕರೆಸಿದರು. ಅಣ್ಣ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹಾಲ್‌ನ ಆ ಗೂಡಿನ ಮುಂದೆ ನಿಂತು ಪತ್ರಿ-ಭಂಡಾರ ಎತ್ತಿದ. "ಭಾಗವ್ವ ಈ ಮನಿ ಸೊಸಿ" ಎಂದ. ಅವ್ವ ಎಲ್ಲರ ಬಾಯಿಗೂ ಬೆಲ್ಲ ಹಾಕಿದಳು.

ಉಟಗಿಯ ವಾಡೆಯನ್ನು ಬಿಚ್ಚುವಾಗ ನಾನು ಎದುರಿನ ಬೇವಿನ ಮರದ ಕೆಳಗೆ ಕುಳಿತೇ ಇದ್ದೆ. ದುಂಡಪ್ಪನ ಜನ ಮೊದಲು ಮಾಳಿಗೆಯ ಮಣ್ಣು ಕೆಳಗಿಳಿಸಿದರು, ಆಮೇಲೆ ತೊಲೆ, ಆಮೇಲೆ ಕಂಬ, ಗೋಡೆಯ ಕಲ್ಲು. ಕೊನೆಗೆ ಉಳಿದದ್ದು ನೆಲಗಟ್ಟು ಮಾತ್ರ. ಅಳು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬರುವಂಥ ಅಳು.

ವಿಲಾಯತಿ ಮನೆ ಪೂರ್ತಿಯಾಯಿತು. ನಮ್ಮ ಕಂಬಗಳನ್ನು ಸೀಳಿ ಮೆಟ್ಟಿಲು ಮಾಡಿದರು, ತೊಲೆಗಳು ಮೇಲಿನ ಪಡಸಾಲೆಗೆ ಹೋದವು. ಗಿಳಿಗಳ ಬಾಗಿಲು ಹೊಸ್ತಿಲು ಸಮೇತ ಮಂಟಪದಲ್ಲಿ ಕುಳಿತಿತು. ಸಾಹೇಬನ ಬಂಗಲೆಯಲ್ಲಿ ಗಿಳಿಗಳಿದ್ದವೋ ಇಲ್ಲವೋ, ಇಲ್ಲಿಯಂತೂ ಅವೇ ಎಲ್ಲಕ್ಕಿಂತ ಚಂದ ಕಾಣುತ್ತಿದ್ದವು. ಮಳೆಯ ದಿನ ಅಡ್ಡಾಡಲಿಕ್ಕೆಂದು ಕಟ್ಟಿದ ಪಡಸಾಲೆಯಲ್ಲಿ ನಾನು ಶಾವಿಗೆ ಒಣಹಾಕುತ್ತಿದ್ದೆ. ಕಲ್ಲಿನ ಸರಳಿನ ಕಿಟಕಿಗಳು ಗಾಳಿಯನ್ನು ಬಿಡುತ್ತಿರಲಿಲ್ಲ, ಮೂರೂ ಹೊತ್ತಿನ ಬಿಸಿಲನ್ನು ಮಾತ್ರ ತಪ್ಪದೆ ಒಳಗೆ ಬಿಡುತ್ತಿದ್ದವು. ಎಲ್ಲರೂ ಬೆವರುತ್ತ, ಅದನ್ನು ಹೊಗಳುತ್ತ ಇದ್ದೆವು.

ಭಾಗವ್ವ ಆ ಮನೆಯಲ್ಲೇ ದೊಡ್ಡವಳಾದಳು. ಬೆಳಿಗ್ಗೆ ಎದ್ದು ಜಗಲಿಯ ಮುಂದೆ ರಂಗೋಲಿ ಹಾಕುವುದು ಅವಳ ಕೆಲಸ. ಯಾರಾದರೂ ಮನೆ ನೋಡಲು ಬಂದರೆ "ನಮ್ಮನಿ ಮೆಟ್ಟಲಾ ಜಾರತಾವ, ಹೌರಗ ಬರ್ರಿ" ಎನ್ನುತ್ತಿದ್ದಳು. ಅವಳ ಬಾಯಲ್ಲಿ 'ನಮ್ಮನಿ' ಕೇಳಿದಾಗಲೆಲ್ಲ ನನ್ನ ಜೀವ ತಣ್ಣಗಾಗುತ್ತಿತ್ತು. ಬಸಗೊಂಡ ಸಾಂಗ್ಲಿಗೆ ಕಾಲೇಜಿಗೆ ಹೋದ. ಅವ್ವ ಒಂದು ಚಳಿಗಾಲದಲ್ಲಿ, ಜಗಲಿ ಕಾಣುವ ಹಾಗೆ ಹಾಲ್‌ನಲ್ಲೇ ಹಾಸಿಗೆ ಹಾಸಿಸಿಕೊಂಡು, ವೀರಭದ್ರನ ಕಡೆ ನೋಡುತ್ತ ಪ್ರಾಣ ಬಿಟ್ಟಳು. ಆ ಗೂಡನ್ನು ನಂಬಿ ಸತ್ತಳು.

ಭಾಗವ್ವನಿಗೆ ಹದಿನೇಳು ತುಂಬಿದ ವರ್ಷ, ಮಾಘ ಮಾಸದಲ್ಲಿ, ಸಾಂಗ್ಲಿಯಿಂದ ಅತಿಥಿಗಳು ಬರುತ್ತಾರೆ, ಹೋಳಿಗೆ ಮಾಡು ಎಂದು ಅಣ್ಣ ಹೇಳಿದ. ಮನೆ ನೋಡಲು ಬರುವವರು ಯಾವಾಗಲೂ ಇರುತ್ತಿದ್ದರು. ನಾನು ಕಡಲೆಬೇಳೆ ಬೇಯಿಸಿದೆ, ಹೂರಣ ರುಬ್ಬಿದೆ. ಭಾಗವ್ವ ಪಕ್ಕದಲ್ಲಿ ಕುಳಿತು ಲಟ್ಟಿಸಿದಳು. ಕಾರಿನಿಂದ ಇಳಿದವರು ದೊಡ್ಡ ವಕೀಲರ ಮನೆತನದವರು. ಗಂಡಸರು, ಹೆಂಗಸರು, ಜರಿಸೀರೆಯ ಒಬ್ಬ ಹುಡುಗಿ. ಹುಡುಗಿಗೆ ಮನೆಯೆಲ್ಲ ತೋರಿಸಿದರು. ಅವಳು ಮೆಟ್ಟಿಲ ಕಟ್ಟಿಗೆಯನ್ನು ಸವರಿ ನೋಡಿ, ಚೆನ್ನಾಗಿದೆ ಎಂದು ಮರಾಠಿಯಲ್ಲಿ ಅಂದಳು. ಊಟವಾದ ಮೇಲೆ ಅವಳ ತಂದೆ ಬೆಳ್ಳಿ ತಟ್ಟೆಯಲ್ಲಿ ಬಣ್ಣದ ಕಾಗದ ಸುತ್ತಿದ ಸಕ್ಕರೆ ಪೊಟ್ಟಣ ತಂದು ಅಣ್ಣನ ಕೈಯಲ್ಲಿ ಇಟ್ಟ.

ಈ ಸಕ್ಕರೆ ಪುಡಾ ಕೈ ಬದಲಾಯಿತೆಂದರೆ ಮದುವೆ ಗೊತ್ತಾಯಿತು ಎಂದೇ ಅರ್ಥ. ಹೋಳಿಗೆಗೆ ಬಡಿಸಿದ ತುಪ್ಪದ ಗಿಂಡಿ ಇನ್ನೂ ನನ್ನ ಕೈಯಲ್ಲೇ ಇತ್ತು. ಸಾಂಗ್ಲಿಯಿಂದ ಬಂದಿದ್ದ ಬಸಗೊಂಡ ತಲೆ ಎತ್ತಲಿಲ್ಲ. ನನ್ನ ಮಗಳ ಮದುವೆ ಮುರಿದ ಊಟಕ್ಕೆ ನನ್ನ ಕೈಯಿಂದಲೇ, ಅವಳ ಕೈಯಿಂದಲೇ ಹೋಳಿಗೆ ಮಾಡಿಸಿದ್ದರು. ತುಪ್ಪದ ಗಿಂಡಿಯನ್ನು ಅಲ್ಲೇ ಇಟ್ಟು ಒಳಗೆ ಬಂದೆ. ಭಾಗವ್ವ ಅಡಿಗೆ ಮನೆಯಲ್ಲಿ ಹಿಟ್ಟಿನ ಕೈಯಲ್ಲೇ ಕುಳಿತಿದ್ದಳು. ಅವಳಿಗೂ ಕೇಳಿಸಿತ್ತು.

ಮರುದಿನವೇ ಸೋಮನಿಂಗಪ್ಪ ಕಾಕಾನನ್ನು ಕರೆಸಿದೆ. ಅವನ ಜೊತೆ ನಮ್ಮ ಮನೆತನದ ಇನ್ನಿಬ್ಬರು ಹಿರಿಯರು ಬಂದರು. ನಡು ಮಧ್ಯಾಹ್ನ, ಹಾಲ್‌ನಲ್ಲಿ ಕಂಬಳಿ ಹಾಸಿ ಕುಳಿತೆವು.

"ಮುರಗೆಪ್ಪಾ, ನನ್ನ ಮುಂದ ನೀ ಪತ್ರಿ-ಭಂಡಾರ ಎತ್ತಿದಿ" ಎಂದ ಕಾಕಾ. "ಈಗ ಇದೇನೋ ತಮ್ಮಾ?"

ಅಣ್ಣ ಸಾವಧಾನವಾಗಿ ಮಾತಾಡಿದ. ಕೋರ್ಟಿನಲ್ಲಿ ಆಡಬೇಕಾಗಿದ್ದ ಮಾತೆಲ್ಲ ಅಂದು ಬಂದವು. "ಎತ್ತೀನಿ, ಇಲ್ಲ ಅನ್ನೂದಿಲ್ಲ ಕಾಕಾ. ಆದ್ರ ಜಗಲಿ ಮುಂದ ಎತ್ತಿದ್ರ ಅಲ್ಲೇನ್ರಿ ಅದು ಆಣಿ? ಇದು ಜಗಲಿ ಅಲ್ಲ. ಇದಕ್ಕ ಫಾಯರ್‌ಪ್ಲೇಸ್ ಅಂತಾರ. ಥಂಡಿ ದೇಶದಾಗ ಮನಿ ಬೆಚ್ಚಗ ಇರಲಿ ಅಂತ ಬೆಂಕಿ ಹಾಕೂ ಒಲಿ ಇದು. ಮ್ಯಾಲಿನ ಗೋಪುರ ಹೊಗಿ ಹೋಗೂ ದಾರಿ. ಅವ್ವ ತಿಳೀಲಾರದ ದೇವರನ್ನ ಇಟ್ಟಳು. ಒಲಿ ಮುಂದ ಎತ್ತಿದ ಪತ್ರಿಗೆ ಏನ ಬೆಲಿ ಅದ, ನೀವ ಹೇಳ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ತಲೆಮಾರಿನಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಗುಡಿಯಲ್ಲಿ ಎತ್ತಿದ್ದೇ ನಡೆಯದು ಅಂದಮೇಲೆ ಒಲೆಯ ಮುಂದೆ ಎತ್ತಿದ್ದು ಹೇಗೆ ನಡೆದೀತು ಎಂದು ಅವರೊಳಗೆ ಗುಜುಗುಜು ಶುರುವಾಯಿತು.

ನಾನು ಒಂದೇ ಮಾತು ಕೇಳಿದೆ. "ಅಣ್ಣಾ, ಆವತ್ತ ಪತ್ರಿ ಕೈಯಾಗ ಹಿಡದಾಗ ನಿನಗ ಗೊತ್ತಿತ್ತೇನು, ಇದು ಒಲಿ ಅಂತ?"

ಅವನು ನನ್ನನ್ನು ನೋಡಲಿಲ್ಲ. "ಗೊತ್ತಿತ್ತು" ಎಂದ.

"ಅವ್ವಗ ಯಾಕ ಹೇಳಲಿಲ್ಲ?"

"ಆಕಿ ಮನಸ್ಸ ಯಾಕ ನೋಯಿಸೂದಂತ."

ಕೊಟ್ಟ ಮಾತನ್ನು ಮುರಿದಿದ್ದರೆ ಬೈದು, ಅತ್ತು, ಒಂದು ದಿನ ಸುಮ್ಮನಾಗುತ್ತಿದ್ದೆನೇನೋ. ಮನುಷ್ಯರು ಮಾತು ಮುರಿಯುತ್ತಾರೆ. ಇವನು ಮುರಿದಿರಲಿಲ್ಲ, ಕೊಟ್ಟೇ ಇರಲಿಲ್ಲ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಅರಿಷಿಣ ಹಿಡಿದು ನಿಂತಾಗಲೇ ಒಳಗೊಳಗೆ ಓಡಿಹೋಗಲು ಬಾಗಿಲು ಇಟ್ಟುಕೊಂಡಿದ್ದ. ಆ ವಿಲಾಯತಿ ಮನೆಯಲ್ಲಿ ಆಳುಗಳಿಗೆ ಗೋಡೆಯ ಹಿಂದೆ ಮೆಟ್ಟಿಲು ಇರುತ್ತದೆ ಎಂದಿದ್ದನಲ್ಲ, ಅವನ ಮಾತಿನ ಹಿಂದೆಯೂ ಅಂಥದೊಂದು ಇತ್ತು. ಎಂಟು ವರ್ಷ ನಾನು ಮುಂದಿನ ಮೆಟ್ಟಿಲನ್ನೇ ನೋಡುತ್ತ ಕುಳಿತಿದ್ದೆ.

ಎದ್ದು ಹೋಗಿ ದೇವರುಗಳನ್ನು ಒಂದೊಂದಾಗಿ ಕೆಳಗಿಳಿಸಿದೆ. ವೀರಭದ್ರ, ಬಸವಣ್ಣ, ಹಿರಿಯರ ಪಾದ, ಎಲ್ಲವನ್ನೂ ಮಣೆಯ ಮೇಲೆ ಮಡಿ ಬಟ್ಟೆ ಹಾಸಿ ನಡು ಹಾಲ್‌ನಲ್ಲಿ ಇಟ್ಟೆ. ಗೂಡಿನೊಳಗಿನ ಹೂವು ತೆಗೆದು ಗುಡಿಸಿದೆ. ಕೊಟ್ಟಿಗೆಯಿಂದ ಸಗಣಿಯ ಕುಳ್ಳು ತಂದು ಒಟ್ಟಿ, ಮೇಲೆ ಜೋಳದ ದಂಟು ಇಟ್ಟೆ.

"ಭಾಗವ್ವಾ, ಒಲ್ಯಾಗಿಂದ ಕೆಂಡ ತಾ."

ಭಾಗವ್ವ ಎದ್ದು ಅಡಿಗೆ ಮನೆಗೆ ಹೋದಳು. ಕಬ್ಬಿಣದ ಸವಟಿನ ತುಂಬ ಕೆಂಡ ತಂದಳು.

"ಹಚ್ಚಬ್ಯಾಡ, ಶಿವಲಿಂಗಾ" ಎಂದ ಅಣ್ಣ. ಕಂಬಳಿ ಬಿಟ್ಟು ಎದ್ದ.

"ಯಾಕ? ಒಲಿ ಅಂದಿ."

"ಹಚ್ಚಬ್ಯಾಡ ಅಂದ್ರ ಹಚ್ಚಬ್ಯಾಡ."

"ಒಲಿ ಹಚ್ಚಲಿಕ್ಕ ಇರತದ, ಅಣ್ಣಾ."

ಭಾಗವ್ವ ಬಾಗಿ ಕೆಂಡ ಸುರಿದಳು. ದಂಟು ಚಟಚಟ ಎಂದು ಹತ್ತಿಕೊಂಡಿತು, ಕುಳ್ಳು ಹೊಗೆಯಾಡಿತು. ಹೊಗೆ ಗೂಡಿನ ಒಳಗೆ ಮೇಲೇರಿ, ಮೇಲೆಲ್ಲೋ ಬಡಿದು, ಹಾಗೇ ತಿರುಗಿ ಕಮಾನಿನಿಂದ ಹೊರಗೆ ಬಿತ್ತು. ನೋಡುನೋಡುತ್ತ ಹಾಲ್ ತುಂಬಿತು. ದುಂಡಪ್ಪ ಕೆತ್ತಿದ ಕಮಲ ಕಪ್ಪಾದವು. ಹಿರಿಯರು ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತರು. ಅಂಗಳಕ್ಕೆ ಹೋಗಿ ಮಾಡಿನ ಕಡೆ ನೋಡಿದ ಒಬ್ಬರು ಬಂದು ಹೇಳಿದರು, ಗೋಪುರದಿಂದ ಒಂದು ಎಳೆ ಹೊಗೆಯೂ ಬರುತ್ತಿಲ್ಲ ಎಂದು. ಧೂಪದ ಹೊಗೆ ಯಾಕೆ ಮನೆ ತುಂಬ ಹರಡುತ್ತಿತ್ತು ಎಂಬುದು ನನಗೆ ಅಂದು ತಿಳಿಯಿತು.

"ಗೋಪುರದಾಗ ತೂತ ಬಿಟ್ಟಿಲ್ಲೇನೋ?" ಎಂದ ಕಾಕಾ.

ಅಣ್ಣನಿಗೆ ಉತ್ತರ ಕೊಡಲೇಬೇಕಾಯಿತು. "ಐದೂ ಗಟ್ಟಿ. ಕಲ್ಲ ಕೊರಸೂದು ಬ್ಯಾಡ, ನೋಡಲಾಕ ಇದ್ರ ಸಾಕು ಅಂದಿದ್ದೆ. ನಮ್ಮ ಕಡೆ ಬೆಂಕಿ ಹಾಕವರು ಯಾರು ಅಂತ."

ಕಾಕಾ ಬಾಯಿಗೆ ರುಮಾಲಿನ ಸೆರಗು ಹಿಡಿದುಕೊಂಡೇ ಹೇಳಿದ: "ಹಂಗಾರ ಇದು ಒಲೀನೂ ಅಲ್ಲ. ಎಂಟ ವರ್ಷ ಇದರಾಗ ದೇವರ ಇದ್ದದ್ದು ಒಂದ ಖರೆ. ಮುರಗೆಪ್ಪಾ, ಇದು ಜಗಲೀನ ಇತ್ತು. ನಿನ್ನ ಆಣಿ ನಿನ್ನ ಮ್ಯಾಲ ಅದ."

ಅಣ್ಣ ಗೋಡೆಗೆ ಆತು ನಿಂತ. "ಸಕ್ಕರಿ ಪುಡಾ ತಗೊಂಡಾಗೇದ, ಕಾಕಾ" ಎಂದ ಮೆಲ್ಲಗೆ. "ಹೆಣ್ಣಿನ ಕಡೆಯವರಿಗೆ ಏನ ಹೇಳಲಿ?"

ಆ ಜರಿಸೀರೆಯ ಹುಡುಗಿಯ ತಪ್ಪು ಏನೂ ಇರಲಿಲ್ಲ. ನ್ಯಾಯ ನನ್ನ ಕಡೆ ಬಂತು, ಮನೆ ಬರಲಿಲ್ಲ. ಬಂದರೂ ಬೇಡವಾಗಿತ್ತು. ಮಗಳನ್ನು ಭಾವಿಗೆ ಬೇಕಾದರೆ ತಳ್ಳುತ್ತಿದ್ದೆ, ಮಾತಾಡುವಾಗಲೇ ಸುಳ್ಳನ್ನು ಅಂಗೈಯಲ್ಲಿ ಹಿಡಿದು ನಿಲ್ಲುವವನ ಮನೆಗೆ ಸೊಸೆಯಾಗಿ ಕೊಡುತ್ತಿರಲಿಲ್ಲ.

ಭಾಗವ್ವ ಆಗಲೇ ಎರಡು ಗಂಟು ಕಟ್ಟಿದ್ದಳು. ಉಟಗಿಯಲ್ಲಿ ನಮ್ಮ ನೆಲಗಟ್ಟು ಇತ್ತು, ಹೊಲ ಇತ್ತು, ಬೇವಿನ ಮರ ಇತ್ತು. ಮೊದಲು ಒಂದು ಗುಡಿಸಲು ಹಾಕಿಕೊಂಡರಾಯಿತು ಎಂದುಕೊಂಡೆ. ಅವಳು ಗಂಟು ಎತ್ತಿಕೊಂಡು ಹೊರಡುವಾಗ ಯಾರಿಗೋ ಹೇಳುವ ಹಾಗೆ ಅಂದಳು: "ಇವರ ಮನಿ ಮೆಟ್ಟಲಾ ಭಾಳ ಜಾರತಾವ." ಅದೊಂದೇ ಮಾತಿಗೆ ನನಗೆ ಅಳು ಬಂದಿತು.

ಮಂಟಪದ ತನಕ ಬಂದಾಗ ಹಿಂದಿನಿಂದ ಅಣ್ಣ ಕರೆದ. ಹೊಗೆಯ ನಡುವೆ, ಮಣೆಯ ಮೇಲಿನ ದೇವರುಗಳ ಪಕ್ಕದಲ್ಲಿ ನಿಂತಿದ್ದ. ಓದುವ ಕೋಣೆ, ಬಟ್ಟೆ ಬದಲಿಸುವ ಕೋಣೆ, ಟೋಪಿ ಇಡುವ ಕೋಣೆ, ಎಲ್ಲ ಇದ್ದ ಮನೆ. ಸುತ್ತಲೂ ನೋಡಿ ಸಣ್ಣ ದನಿಯಲ್ಲಿ ಕೇಳಿದ:

"ಶಿವಲಿಂಗಾ, ದೇವರನ್ನ ಈಗ ಎಲ್ಲಿ ಇಡಲಿ?"

"ನೀ ಹೆಂಗ ಅಂತಿ ಹಂಗ, ಅಣ್ಣಾ" ಎಂದೆ.

ಸೇರು ಒದ್ದು ನಾನು ಒಳಗೆ ಬಂದಿದ್ದ ಹೊಸ್ತಿಲು ಅದೇ. ಮಗಳ ಕೈ ಹಿಡಿದು ಅದನ್ನೇ ದಾಟಿ ಹೊರಗೆ ಬಂದೆ.